ಎಲ್ಲರ ಮನೆ ಹಸುವೂ ಸಾಧುವೇ?



ಈ ಸಲದ ಗೋಡೆ ಪತ್ರಿಕೆಯಲ್ಲಿ ನನ್ನ ಒಂದು ಅಭಿಪ್ರಾಯ ಬರೆದಿದ್ದೇನೆ. ಕನ್ನಡ ಪಿರಿಯಡ್ಡಿನಲ್ಲಿ ವಾರಕ್ಕೆ ಒಂದು ದಿನವಾದರೂ ನಾವು ಸ್ವಂತವಾಗಿ ಬರೆಯಬೇಕು, ಪದ್ಯ ಪಾಠಗಳನ್ನು ಆಡಿ ತೋರಿಸಬೇಕು. ಯಾಕೆ ಅಂತ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಈಗ ನಾವು ಪ್ರಬಂಧ ಹೇಗೆ ಬರೆಯುತ್ತೇವೆ? ಒಬ್ಬರು ಗೈಡು ನೋಡಿ ಬರೆಯುತ್ತಾರೆ. ಮಿಕ್ಕವರು ಅವರ ನೋಟ್ ಬುಕ್ ಇಸ್ಕೊಂಡು ಇಳಿಸುತ್ತಾರೆ. ‘ಹಸು’ ಅಂತ ವಿಷಯ ಕೊಟ್ಟರೆ ಇಡೀ ತರಗತಿಯ ಹಸುಗಳೆಲ್ಲ ಸಾಧು ಪ್ರಾಣಿಗಳೇ. ಆದರೆ ನಮ್ಮ ಮನೆ ಹಸು ಸಾಧು ಅಲ್ಲ. ಅಮ್ಮನನ್ನು ಬಿಟ್ಟು ಬೇರೆ ಯಾರು ಹಾಲು ಕರೆಯಲು ಕೂತರೂ ಒದೆಯುತ್ತದೆ. ಅಮ್ಮ ಊರಿಗೆ ಹೋದ ದಿನ ಅಪ್ಪ ಅಮ್ಮನ ಹಳೇ ಸೀರೆ ಹೊದ್ದುಕೊಂಡು ಕರೆಯಲು ಹೋಗುತ್ತಾರೆ! ಇದು ಯಾವ ಗೈಡಿನಲ್ಲಿದೆ? ನೋಡಿ ಇಳಿಸುವುದರಿಂದ ಅಕ್ಷರ ದುಂಡಗಾಗಬಹುದು. ಅದು ಕಾಪಿ ಬರಹವೇ ಹೊರತು ಪ್ರಬಂಧ ಅಲ್ಲ.

ಚಿಕ್ಕ ತರಗತಿಯಲ್ಲಿ ನಾವು ಹೀಗಿರಲಿಲ್ಲ. ನಲಿಕಲಿ ಕೊಠಡಿ ನೆನಪಿದೆಯಾ? ಕಾರ್ಡುಗಳು, ಗುಂಪು ಗುಂಪಾಗಿ ಕೂರುವುದು, ನಮ್ಮ ಕೈಗೆ ಎಟುಕುವ ಹಾಗೆ ಗೋಡೆಯ ಕೆಳಗಡೆ ಕಪ್ಪು ಹಲಗೆ, ಮೇಲೆ ಚಪ್ಪರದಲ್ಲಿ ನಾವು ಬರೆದ ಚಿತ್ರಗಳು. ಹಾಡುತ್ತಾ ಕುಣಿಯುತ್ತಾ ಅಕ್ಷರ ಕಲಿತೆವು. ಈ ನಲಿಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ನಮ್ಮ ಸರ್ಕಾರಿ ಶಾಲೆ ಮೇಷ್ಟ್ರುಗಳೇ ಅದನ್ನು ಕಟ್ಟಿದರು. ಆದರೆ ನಾವು ನಾಲ್ಕನೇ ತರಗತಿಗೆ ಬಂದ ಮೇಲೆ ಕಾರ್ಡು ಹೋಯಿತು, ಕುಣಿತ ಹೋಯಿತು, ಪ್ರಶ್ನೋತ್ತರ ಮಾತ್ರ ಉಳಿಯಿತು. ದೊಡ್ಡವರಾದರೆ ನಲಿಯಬಾರದು ಅಂತ ಎಲ್ಲಿದೆ?

ಸ್ವಂತವಾಗಿ ಬರೆಯೋಕೆ ನಮಗೇನು ಗೊತ್ತು ಅಂತ ಕೆಲವರು ಕೇಳಬಹುದು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಎಲ್ಲರಿಗೂ ಗೊತ್ತು. ಆ ಕಥೆ ಮೊದಲು ನಮ್ಮದಲ್ಲ. ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಕಥೆ ಅದು. ರಾಬರ್ಟ್ ಬ್ರೌನಿಂಗ್ ಎಂಬ ಕವಿ 1842ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಪದ್ಯ ಮಾಡಿದ್ದರು. ಕುವೆಂಪು ಅದನ್ನು ತುಂಗಾ ತೀರಕ್ಕೆ ತಂದರು, ಊರಿಗೆ ಒಬ್ಬ ಗೌಡನನ್ನು ಇಟ್ಟರು, ಜೋಗಿಯ ಕೈಗೆ ಕಿಂದರಿ ಕೊಟ್ಟರು. ಈಗ ಅದು ನಮ್ಮ ಪಕ್ಕದೂರಿನ ಕಥೆ ಅನ್ನಿಸುತ್ತದೆ. ಅಷ್ಟು ದೂರದ ಕಥೆ ಬೊಮ್ಮನಹಳ್ಳಿಗೆ ಬರಬಹುದಾದರೆ, ಪುಸ್ತಕದ ಪಾಠ ನಮ್ಮೂರಿಗೆ ಯಾಕೆ ಬರಬಾರದು?

ಹೇಗೆ ಮಾಡಬಹುದು ಅಂತ ನನಗೆ ತೋಚಿದ್ದನ್ನು ಬರೆಯುತ್ತೇನೆ.

1. ಕಿಂದರಿಜೋಗಿಯ ಹಿಂದೆ ಹೋಗಲಾಗದೆ ಉಳಿದ ಕುಂಟ ಹುಡುಗ ಇದ್ದಾನಲ್ಲ, ಅವನು ಗೆಳೆಯರಿಗೆ ಕಾಗದ ಬರೆದರೆ ಏನು ಬರೆಯುತ್ತಾನೆ? ಅದನ್ನು ನಾವು ಬರೆಯುವುದು.

2. ಗೋವಿನ ಹಾಡಿನ ಮೇಲೆ ಚರ್ಚೆ. ಹಸಿದ ಹುಲಿ ಹಸುವನ್ನು ತಿನ್ನುವುದು ತಪ್ಪಾ? ಕೊನೆಗೆ ಅದು ಪ್ರಾಣ ಬಿಡಬೇಕಿತ್ತಾ? ಅರ್ಧ ಜನ ಹುಲಿ ಪರ, ಅರ್ಧ ಜನ ಹಸು ಪರ.

3. ಅಜ್ಜಿ ತಾತಂದಿರ ಹತ್ತಿರ ಕೇಳಿ ತಲೆಗೆ ಐದು ಒಗಟು, ಐದು ಗಾದೆ ಬರೆದು ತರುವುದು. ಎಲ್ಲ ಸೇರಿಸಿ ಒಂದು ಪುಸ್ತಕ ಹೊಲಿಯುವುದು.

4. ಒಂದು ಕಥೆಯನ್ನು ಮೊದಲ ಬೆಂಚಿನವರು ಶುರು ಮಾಡಿ, ಒಬ್ಬೊಬ್ಬರು ನಾಲ್ಕು ಸಾಲು ಸೇರಿಸುತ್ತಾ ಕೊನೆ ಬೆಂಚಿಗೆ ಮುಟ್ಟಿಸುವುದು.

ಇದಕ್ಕೆ ದುಡ್ಡು ಬೇಡ. ಹಾಳೆ, ಪೆನ್ನು ಸಾಕು. ಪೋರ್ಷನ್ ಮುಗಿಯಬೇಕಲ್ಲ, ಪರೀಕ್ಷೆ ಇದೆಯಲ್ಲ ಅಂತ ಗುರುಗಳು ಹೇಳುತ್ತಾರೆ, ಅದೂ ನಿಜ. ಅದಕ್ಕೇ ನಾನು ಕೇಳುತ್ತಿರುವುದು ಶನಿವಾರದ ಒಂದೇ ಪಿರಿಯಡ್. ಪರೀಕ್ಷೆಯಲ್ಲೂ ಪತ್ರಲೇಖನ, ಪ್ರಬಂಧ ಬರುತ್ತವೆ. ಬಾಯಿಪಾಠ ಮಾಡಿದ ವಿಷಯ ಬರದಿದ್ದರೆ ನಾವು ಪೆನ್ನು ಕಚ್ಚುತ್ತಾ ಕೂರುತ್ತೇವೆ. ಬರೆಯಲು ಬಂದವರಿಗೆ ಯಾವ ವಿಷಯ ಬಂದರೂ ಭಯ ಇಲ್ಲ.

ಇನ್ನೊಂದು ಮಾತು. ನಮ್ಮ ತರಗತಿಯಲ್ಲಿ ಕೆಲವರು ಪ್ರಬಂಧಕ್ಕೆ ಸೊನ್ನೆ ತೆಗೆದುಕೊಳ್ಳುತ್ತಾರೆ. ಅವರೇ ಕುರಿ ಕಾಯುವಾಗ ತೋಳ ಬಂದ ಕಥೆ ಹೇಳಿದರೆ ನಾವು ಬಾಯಿ ಬಿಟ್ಟುಕೊಂಡು ಕೇಳುತ್ತೇವೆ. ಅವರಿಗೆ ಕನ್ನಡ ಬರಲ್ಲ ಅನ್ನೋದು ಹೇಗೆ? ಬಾಯಲ್ಲಿ ಇರೋದು ಹಾಳೆಗೆ ಇಳಿಯಬೇಕು, ಅಷ್ಟೇ. ಏಳನೇ ತರಗತಿ ಮುಗಿದರೆ ನಾವು ಹೈಸ್ಕೂಲಿಗೆ ಬೇರೆ ಊರಿಗೆ ಹೋಗಬೇಕು. ಕೆಲವರು ಓದನ್ನೇ ಬಿಡಬಹುದು. ಬಿಟ್ಟವರೂ ನಾಳೆ ಪಂಚಾಯ್ತಿಗೆ ಒಂದು ಅರ್ಜಿ ಬರೆಯಬೇಕಾದರೆ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಿ ನಿಲ್ಲಬಾರದು. ಅವರು ಶಾಲೆ ಬಿಡುವ ಮುಂಚೆ ಅಷ್ಟಾದರೂ ಕಲಿತಿರಬೇಕು ಅಂತ ನನ್ನ ಆಸೆ.

ಗುರುಗಳು ಒಪ್ಪಿದರೆ ಬರುವ ಶನಿವಾರದಿಂದಲೇ ಶುರು ಮಾಡೋಣ. ಹುಲಿ ಪರ ವಾದ ಮಾಡೋಕೆ ನಾನು ತಯಾರು. ಹಸು ಪರ ಯಾರು ಬರುತ್ತೀರಿ? ಈ ಹಾಳೆಯ ಕೆಳಗೆ ಜಾಗ ಬಿಟ್ಟಿದ್ದೇನೆ, ಹೆಸರು ಬರೆಯಿರಿ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ