‘ಆ ಕಾಲವೇ ಹಾಗಿತ್ತು’ ಎನ್ನುವವರಿಗೆ

‘ಆ ಕಾಲವೇ ಹಾಗಿತ್ತು; ಇಂದಿನ ಅಳತೆಗೋಲಿನಿಂದ ಹಿಂದಿನವರನ್ನು ಅಳೆಯಬಾರದು.’ ಅಮೆರಿಕದ ಸ್ಥಾಪಕ ಪುರುಷರ ಮಾತು ಬಂದಾಗಲೆಲ್ಲ ಈ ಸಮಾಧಾನವನ್ನು ನಾವು ಕೇಳುತ್ತಲೇ ಬಂದಿದ್ದೇವೆ. ಮಕ್ಕಳ ಮನೆಗೆಂದು ಆ ದೇಶಕ್ಕೆ ಹೋಗಿಬಂದ ನಮ್ಮ ಬಂಧುಗಳು ವಾಷಿಂಗ್ಟನ್ನನ ಮೌಂಟ್ ವರ್ನನ್, ಜೆಫರ್ಸನ್ನನ ಮಾಂಟಿಸೆಲ್ಲೊ ಮನೆಗಳನ್ನು ಬಾಯ್ತುಂಬ ಹೊಗಳುತ್ತಾರೆ. ಅಲ್ಲಿ ದುಡಿದ ಗುಲಾಮರ ಪ್ರಸ್ತಾಪ ಬಂದರೆ ಮಾತ್ರ ಇದೊಂದೇ ವಾಕ್ಯದಿಂದ ವಿಷಯ ಮುಗಿಸುತ್ತಾರೆ. ಈ ವಾಕ್ಯ ಸುಳ್ಳು ಎನ್ನುವುದು ನಮ್ಮ ವಾದ. ಸಾಕ್ಷಿಗಾಗಿ ದೂರ ಹೋಗಬೇಕಿಲ್ಲ. ಅದೇ ವರ್ಜೀನಿಯದ ಒಂದು ಜಮೀನ್ದಾರಿ ಮನೆತನವೇ ಸಾಕು.

1635ರಲ್ಲಿ ಜಾನ್ ಕಾರ್ಟರ್ ಎಂಬಾತ ಇಂಗ್ಲೆಂಡಿನಿಂದ ವರ್ಜೀನಿಯಕ್ಕೆ ಬಂದ. ಅವನ ಮಗ ರಾಬರ್ಟನನ್ನು ಜನ ‘ಕಿಂಗ್ ಕಾರ್ಟರ್’ ಎಂದೇ ಕರೆದರು. ಹೊಗೆಸೊಪ್ಪಿನ ಬೆಳೆ ಒಂದು ಕಡೆ, ಫೇರ್‌ಫ್ಯಾಕ್ಸ್ ಮನೆತನದ ವಿಶಾಲ ಭೂಮಿಗೆ ಏಜೆಂಟನಾದ ಅಧಿಕಾರ ಇನ್ನೊಂದು ಕಡೆ. ಕೊಡುವ ಕೈಯೂ ತನ್ನದೇ, ಪಡೆಯುವ ಕೈಯೂ ತನ್ನ ಮನೆಯದೇ! 1732ರಲ್ಲಿ ಅವನು ಸತ್ತಾಗ ಬಿಟ್ಟುಹೋದದ್ದು ಸುಮಾರು 3 ಲಕ್ಷ ಎಕರೆ ನೆಲ ಮತ್ತು ನೂರಾರು ಗುಲಾಮರು. 1708ರಲ್ಲಿ ಹ್ಯಾರಿ ಮತ್ತು ಡೈನಾ ಎಂಬಿಬ್ಬರು ಗುಲಾಮರ ಕಾಲ್ಬೆರಳು ಕತ್ತರಿಸಲು ಇವನು ನ್ಯಾಯಾಲಯದಿಂದ ಅಪ್ಪಣೆ ಪಡೆದ. ಓಡಿಹೋಗುವವರಿಗೆ ಇಂಥ ಶಿಕ್ಷೆ ಕೊಡಲು 1705ರ ಕಾನೂನು ಅವಕಾಶ ಮಾಡಿಕೊಟ್ಟಿತ್ತು.

ಈ ಮನೆತನದ ವಂಶಾವಳಿಯನ್ನು ಅಭಿಮಾನದಿಂದ ಬರೆದವರು ಬಹಳ ಮಂದಿ. ಅಮೆರಿಕದ ಇಬ್ಬರು ಅಧ್ಯಕ್ಷರು – ವಿಲಿಯಂ ಹೆನ್ರಿ ಹ್ಯಾರಿಸನ್ ಮತ್ತು ಬೆಂಜಮಿನ್ ಹ್ಯಾರಿಸನ್ – ಇದೇ ಬಳ್ಳಿಯ ಕುಡಿಗಳು. ಅಂತರ್ಯುದ್ಧದಲ್ಲಿ ದಕ್ಷಿಣದ ಸೇನಾನಿಯಾದ ರಾಬರ್ಟ್ ಇ. ಲೀಯ ತಾಯಿ ಕಿಂಗ್ ಕಾರ್ಟರನ ಮರಿಮೊಮ್ಮಗಳು. ಇವರೆಲ್ಲರ ಹೆಸರನ್ನೂ ಲೋಕ ಬಲ್ಲದು. ಆದರೆ ಅಜ್ಜನ ಹೆಸರನ್ನೇ ಹೊತ್ತ ಮೊಮ್ಮಗ, ಮೂರನೆಯ ರಾಬರ್ಟ್ ಕಾರ್ಟರನನ್ನು ಬಲ್ಲವರೆಷ್ಟು ಮಂದಿ?

1728ರಲ್ಲಿ ಹುಟ್ಟಿದ ಈತ ವೆಸ್ಟ್‌ಮೋರ್‌ಲ್ಯಾಂಡ್ ಕೌಂಟಿಯ ನೊಮಿನಿ ಹಾಲ್‌ನ ಒಡೆಯ. ವಾಷಿಂಗ್ಟನ್ ಹುಟ್ಟಿದ್ದೂ ಅದೇ ಕೌಂಟಿಯಲ್ಲಿ. ಈತ ವರ್ಜೀನಿಯದ ಗವರ್ನರನ ಮಂತ್ರಾಲೋಚನಾ ಸಭೆಯ ಸದಸ್ಯ, 17 ಮಕ್ಕಳ ತಂದೆ. ಸಿರಿವಂತಿಕೆಯಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. 1778ರಲ್ಲಿ ಬ್ಯಾಪ್ಟಿಸ್ಟ್ ಪಂಥ ಸೇರಿ, ಗುಲಾಮರ ಜೊತೆಗೇ ಕೂತು ಪ್ರಾರ್ಥನೆ ಮಾಡಿದ. 1791ರ ಸೆಪ್ಟೆಂಬರ್ 5ರಂದು ನ್ಯಾಯಾಲಯಕ್ಕೆ ಒಂದು ಪತ್ರ ಸಲ್ಲಿಸಿದ. ಅದರಲ್ಲಿ 452 ಗುಲಾಮರ ಹೆಸರು, ವಯಸ್ಸು, ಅವರಿರುವ ತೋಟ ಎಲ್ಲವನ್ನೂ ಬರೆದು, ಎಲ್ಲರಿಗೂ ಬಿಡುಗಡೆ ಎಂದಿದ್ದ. ವರ್ಷಕ್ಕೆ 15 ಮಂದಿಯಂತೆ, ಮಕ್ಕಳು ಪ್ರಾಯಕ್ಕೆ ಬಂದಂತೆ, ಬಿಡುಗಡೆ ಸಾಗಬೇಕು. ಕೆಲವರಿಗೆ ತನ್ನ ನೆಲವನ್ನೇ ಗೇಣಿಗೆ ಕೊಟ್ಟ. ನೆರೆಯ ಜಮೀನ್ದಾರರು ಕೆರಳಿದರು. ಸ್ವಂತ ಮನೆಗೆ ಬೆಂಕಿಯಿಟ್ಟು ಪಕ್ಕದ ಮನೆಯನ್ನೂ ಸುಡುವವನಿಗೆ ಇವನನ್ನು ಹೋಲಿಸಿ ಒಬ್ಬಾತ ಹೆಸರಿಲ್ಲದ ಕಾಗದ ಬರೆದ. 1793ರಲ್ಲಿ ಕಾರ್ಟರ್ ಊರು ಬಿಟ್ಟು ಬಾಲ್ಟಿಮೋರ್ ಸೇರಿದ. 1804ರಲ್ಲಿ ಅಲ್ಲಿಯೇ ತೀರಿಕೊಂಡ.

ಆ ಪತ್ರದ ಹೆಸರು ‘ದಾನಪತ್ರ’. ಕಸಿದುಕೊಂಡದ್ದನ್ನು ಹಿಂದಿರುಗಿಸುವುದು ದಾನವಲ್ಲ. ಅಷ್ಟು ವರ್ಷ ಆ ದುಡಿಮೆಯನ್ನು ಉಂಡ ಈತನನ್ನು ದೇವರೆಂದು ನಾವು ಪೂಜಿಸುವುದೂ ಇಲ್ಲ. ನಮಗೆ ಬೇಕಾದದ್ದು ಇಷ್ಟೇ: ಅದೇ ಕಾಲ, ಅದೇ ನೆಲ, ಅದೇ ಕಾನೂನು. ಮಾಲಿಕರು ಸ್ವಇಚ್ಛೆಯಿಂದ ಬಿಡುಗಡೆ ಮಾಡಲು 1782ರಲ್ಲೇ ವರ್ಜೀನಿಯದ ಕಾನೂನು ಬಾಗಿಲು ತೆರೆದಿತ್ತು. ಬಿಡುಗಡೆಯಾದವರು 12 ತಿಂಗಳಲ್ಲಿ ರಾಜ್ಯ ಬಿಡಬೇಕೆಂದು 1806ರಲ್ಲಿ ಅದನ್ನು ಕಿರಿದು ಮಾಡುವವರೆಗೆ 24 ವರ್ಷ ಅದು ತೆರೆದೇ ಇತ್ತು. ವಾಷಿಂಗ್ಟನ್ ತನಗೆ ಸೇರಿದ 123 ಮಂದಿಯ ಬಿಡುಗಡೆಯನ್ನು ಉಯಿಲಿಗೆ ಬಿಟ್ಟ. ಎಲ್ಲ ಮನುಷ್ಯರೂ ಸಮಾನರೆಂದು 1776ರಲ್ಲಿ ಬರೆದ ಜೆಫರ್ಸನ್ ತನ್ನ ಬಾಳಿನಲ್ಲಿ 600ಕ್ಕೂ ಹೆಚ್ಚು ಮಂದಿಯನ್ನು ಗುಲಾಮರಾಗಿ ಇಟ್ಟುಕೊಂಡಿದ್ದ. ಬದುಕಿರುವಾಗ ಇಬ್ಬರನ್ನೂ ಉಯಿಲಿನ ಮೂಲಕ ಐವರನ್ನೂ ಬಿಡುಗಡೆ ಮಾಡಿದ. ‘ಅವನಿಗೆ ಸಾಲವಿತ್ತಲ್ಲ?’ ಎನ್ನುವವರುಂಟು. ನಿಜ. ಸಾಲ ಮಾಡಿದವರು ಗುಲಾಮರಲ್ಲ. 1827ರಲ್ಲಿ ಆ ಸಾಲಕ್ಕಾಗಿ ಹರಾಜಿಗೆ ನಿಂತ 130 ಮಂದಿ ಮಾತ್ರ ಗುಲಾಮರೇ.

ಇನ್ನೊಂದು ಮಾತು. ‘ಆ ಕಾಲ’ ಎಂದರೆ ಯಾರ ಕಾಲ? ಹ್ಯಾರಿ, ಡೈನಾ ಇದ್ದದ್ದೂ ಅದೇ ಕಾಲದಲ್ಲಲ್ಲವೆ? ಗುಲಾಮಗಿರಿ ಅನ್ಯಾಯವೆಂದು ಅವರಿಗೆ ಯಾವ ತತ್ತ್ವಜ್ಞಾನಿಯೂ ತಿಳಿಸಿಕೊಡಬೇಕಾಗಿರಲಿಲ್ಲ. ಕಾಲದ ಹೆಸರಿನಲ್ಲಿ ನಾವು ಕ್ಷಮಿಸುವಾಗ ಲೆಕ್ಕಕ್ಕೆ ಹಿಡಿಯುವುದು ಮಾಲಿಕರ ಅಭಿಪ್ರಾಯವೊಂದನ್ನೇ.

ಊರು ಬಿಟ್ಟು ಬಂದ ನಮ್ಮಲ್ಲಿಯೂ ಅನೇಕರು ವಂಶಾವಳಿಯನ್ನು ಅಚ್ಚುಹಾಕಿಸುತ್ತಾರೆ. ಒಳ್ಳೆಯದೇ. ಹೊಲಗದ್ದೆಗಳ ವಿಸ್ತಾರವನ್ನು ಬರೆಯುವಾಗ ಅವುಗಳಲ್ಲಿ ದುಡಿದವರ ಹೆಸರು ನೆನಪಿದ್ದಷ್ಟನ್ನಾದರೂ ಸೇರಿಸಲಿ. ಜೀತವಿದ್ದರೆ ಜೀತವೆಂದೇ ಬರೆಯಲಿ. ಕಾರ್ಟರ್ ಮನೆತನದ ಕಾಗದಗಳಲ್ಲಿ ನಮಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು 452 ಹೆಸರುಗಳ ಆ ಪಟ್ಟಿಯೇ.