ಕ್ಯಾಮೆರಾ ಯಾರ ಕಾಲ ಬುಡದಲ್ಲಿ ಕೂತಿದೆ?



"ಸಿನಿಮಾ ಅಂದ್ರೆ ಮನರಂಜನೆ ಕಣ್ರೀ, ಅದರಲ್ಲೂ ಜಾತಿ ಹುಡುಕ್ತೀರಲ್ಲ?" ಅಂತ ಕೇಳೋರಿಗೆ ಮೊದಲು ಒಂದು ಮಾತು. 2004ರಲ್ಲಿ ಅಂಬರೀಶ್ ಅವರ 'ಗೌಡ್ರು' ಸಿನಿಮಾ ಬಂತು. ಪೋಸ್ಟರ್ ಮೇಲೆ ಆ ಹೆಸರು ಬರೆದದ್ದು ನಾವಲ್ಲ. ಅದರಲ್ಲಿ ಯಾರಿಗೂ ಜಾತಿ ಕಾಣಲಿಲ್ಲ, ಊರಿನ ದೊಡ್ಡೋರು ಕಂಡ್ರು. ಅದೇ ಜಾಗದಲ್ಲಿ 'ಹೊಲೇರು' ಅಂತಲೋ 'ಮಾದಿಗರು' ಅಂತಲೋ ಹೆಸರಿಟ್ಟು ಹಾಸನದ ಥಿಯೇಟರ್ ಮುಂದೆ ಒಂದು ಕಟೌಟ್ ನಿಲ್ಲಿಸಿ ನೋಡೋಣ. ಜಾತಿ ಎಲ್ಲಿದೆ ಅಂತ ಆಗ ಎಲ್ಲರಿಗೂ ತಾನಾಗೇ ಗೊತ್ತಾಗುತ್ತೆ.

ಕತೆ ಬಗ್ಗೆ ಬಹಳ ಜನ ಬರೆದಿದ್ದಾರೆ. ನಾನು ಇವತ್ತು ಕೇಳ್ತಿರೋದು ಕ್ಯಾಮೆರಾ ಬಗ್ಗೆ.

ನಮ್ಮ ಹಳ್ಳಿ ಸಿನಿಮಾಗಳಲ್ಲಿ ಊರ ಯಜಮಾನ ಬರೋದನ್ನ ಜ್ಞಾಪಿಸಿಕೊಳ್ಳಿ. ಮೊದಲು ಚಪ್ಪಲಿ, ಆಮೇಲೆ ಪಂಚೆಯ ಅಂಚು, ಆಮೇಲೆ ಮೀಸೆ. ಕ್ಯಾಮೆರಾ ನೆಲದಲ್ಲಿ ಕೂತು ಕತ್ತೆತ್ತಿ ನೋಡುತ್ತೆ. ಸ್ಲೋ ಮೋಷನ್ನು, ಹಿಂದೆ ಡೋಲು. ಅದೇ ಫ್ರೇಮಿನ ಮೂಲೆಯಲ್ಲಿ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಕೈಕಟ್ಟಿ ನಿಂತಿದ್ದಾನಲ್ಲ, ಅವನು ಯಾರು? ಹೆಸರು ಕರಿಯನೋ ಮಾರನೋ. ಮುಖಕ್ಕೆ ಒಂದು ಕೋಟು ಜಾಸ್ತಿ ಕಪ್ಪು. ಇರೋದು ಎರಡೇ ಡೈಲಾಗು: "ಅಡ್ಡಬಿದ್ದೆ ಬುದ್ದಿ", "ಆಯ್ತು ಬುದ್ದಿ". ಅವನನ್ನ ತೋರಿಸೋವಾಗ ಕ್ಯಾಮೆರಾ ಮೇಲಿಂದ ಕೆಳಕ್ಕೆ ನೋಡುತ್ತೆ. ಅವನಿಗೊಂದು ಕ್ಲೋಸಪ್ ಸಿಗಬೇಕಾದ್ರೆ ಒಂದೋ ಒದೆ ತಿನ್ನಬೇಕು, ಇಲ್ಲಾ ಧಣಿಗೋಸ್ಕರ ಸಾಯಬೇಕು. ಅವನ ಮನೆ ಎಂಗದೆ, ಒಲೆ ಎಲ್ಲದೆ, ಅವನ ಮಗಳು ಏನು ಓದ್ತಾಳೆ? ಗೊತ್ತಿಲ್ಲ. ಕ್ಯಾಮೆರಾನೂ ಊರಿನೋರ ಥರಾನೇ, ಕೇರಿ ಒಳಗೆ ಕಾಲಿಡಲ್ಲ.

ಇನ್ನು ನಾಟಿ ಹಾಕೋ ನಮ್ಮ ಹೆಣ್ಣುಮಕ್ಕಳನ್ನ ತೋರಿಸುವಾಗ ಕ್ಯಾಮೆರಾ ಎಲ್ಲಿ ಹೋಗಿ ನಿಲ್ಲುತ್ತೆ ಅನ್ನೋದನ್ನ ನಾನು ಬಿಡಿಸಿ ಹೇಳಬೇಕಾ?

ನಮ್ಮ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ಕತೆ ಇಟ್ಟುಕೊಂಡು 1974ರಲ್ಲಿ ಸಿದ್ಧಲಿಂಗಯ್ಯ 'ಭೂತಯ್ಯನ ಮಗ ಅಯ್ಯು' ಮಾಡಿದ್ರು. ಒಳ್ಳೆ ಸಿನಿಮಾನೇ, ಇಲ್ಲ ಅನ್ನಲ್ಲ. ಆದ್ರೆ ಅಲ್ಲಿಯ ಹಗೆಯೂ ಎರಡು ಮನೆತನದ್ದು, ರಾಜಿಯೂ ಅವರದ್ದೇ. ಅರಕಲಗೂಡಿನಲ್ಲಿ ಹೊಗೆಸೊಪ್ಪಿನ ಬ್ಯಾರನ್ ಬೆಂಕಿ ಮುಂದೆ ರಾತ್ರಿಯೆಲ್ಲ ಕೂರೋರು, ಚನ್ನರಾಯಪಟ್ಟಣದ ತೋಟದಲ್ಲಿ ಕಾಯಿ ಸುಲಿಯೋರು ಯಾವ ಸಿನಿಮಾದಲ್ಲಿ 'ರೈತ' ಆಗಿದ್ದಾರೆ ಹೇಳಿ?

ಈಗ ಮುಖ್ಯ ವಿಷಯ: ಆ ನ್ಯಾಯದ ಕಟ್ಟೆ.

2002ರ 'ಸಿಂಹಾದ್ರಿಯ ಸಿಂಹ' ತಮಿಳಿನ 'ನಾಟ್ಟಾಮೈ' ಸಿನಿಮಾದ ರೀಮೇಕು. ನಿರ್ದೇಶನ ಎಸ್. ನಾರಾಯಣ್, ಹೀರೋ ವಿಷ್ಣುವರ್ಧನ್. ಅಲ್ಲಿ ಊರ ಗೌಡರು ಕೂತು ತೀರ್ಪು ಕೊಡ್ತಾರೆ, ಬಹಿಷ್ಕಾರ ಹಾಕ್ತಾರೆ, ಊರು ಕೈಮುಗಿಯುತ್ತೆ. ಪೊಲೀಸು, ಕೋರ್ಟು ಏನೂ ಬೇಕಿಲ್ಲ, ಗೌಡರ ಮಾತೇ ಕಾನೂನು. ಸಿನಿಮಾದಲ್ಲಿ ಆ ಗೌಡರು ಧರ್ಮಾತ್ಮರು. ಸರಿ ಸ್ವಾಮಿ, ಸಿನಿಮಾದಿಂದ ಆಚೆ ಬನ್ನಿ. 2015ರಲ್ಲಿ ಹೊಳೆನರಸೀಪುರ ತಾಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಣ್ಣುಮಕ್ಕಳು ದೇವಸ್ಥಾನಕ್ಕೆ ಹೋದ್ರು ಅಂತ ದಂಡ ಹಾಕಿದ್ರಲ್ಲ, ಅದೂ ಊರಿನ 'ತೀರ್ಪೇ'. ಚನ್ನರಾಯಪಟ್ಟಣ ತಾಲೂಕಿನ ದಿಂಡಗೂರಿನಲ್ಲಿ ನಮ್ಮೋರು ದೇವಸ್ಥಾನದ ಹೊಸ್ತಿಲು ದಾಟಿದ್ದು 2021ರಲ್ಲಿ, ಅದೂ ಅಧಿಕಾರಿಗಳು ಊರಿಗೆ ಬಂದು ನಿಂತಮೇಲೆ. ಸಂವಿಧಾನ ಬಂದು 71 ವರ್ಷ ಆಗಿತ್ತು.

ದಲಿತರಿಗೆ ಬಹಿಷ್ಕಾರ ಹಾಕೋದು, ಹಾಕ್ತೀವಿ ಅಂತ ಹೆದರಿಸೋದು ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಇದನ್ನ ಬಿಡಿಸಿ ಹೇಳಿದ್ದಾರೆ. 6 ತಿಂಗಳಿಂದ 5 ವರ್ಷದವರೆಗೆ ಜೈಲು. ಜೈಲಿಗೆ ಕಳಿಸೋ ಕೆಲಸಕ್ಕೆ ತೆರೆ ಮೇಲೆ ಆರತಿ ಎತ್ತುತ್ತಾರೆ. ಅದಕ್ಕೆ ಶಿಳ್ಳೆ ಹೊಡೆಯೋರು ಯಾರು? ಮುಂದಿನ ಸಾಲಲ್ಲಿ ಕೂತಿರೋ ನಮ್ಮ ಹುಡುಗರೇ. ನನಗೆ ಸಂಕಟ ಆಗೋದು ಇಲ್ಲಿ. ಎರಡೂವರೆ ಗಂಟೆ ಆ ಕಟ್ಟೆಗೆ ಶಿಳ್ಳೆ ಹೊಡೆದ ಹುಡುಗ ನಾಳೆ ಅದೇ ಕಟ್ಟೆ ಮುಂದೆ "ಯಾಕೆ ದಂಡ ಕಟ್ಟಬೇಕು?" ಅಂತ ಹೇಗೆ ಕೇಳ್ತಾನೆ?

"ಚೋಮನ ದುಡಿ ಬಂದಿಲ್ವಾ?" ಅಂತೀರಿ. ಬಂತು, 1975ರಲ್ಲಿ. ಸ್ವರ್ಣಕಮಲ ಬಂತು, ವಾಸುದೇವ ರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಭೂಮಿ ಕೇಳಿದ ಚೋಮ ಮಾತ್ರ ಭೂಮಿ ಸಿಗದೆ ದುಡಿ ಬಡೀತಾ ಸತ್ತ. ಆ ಸಿನಿಮಾ ಅವನ ಹಸಿವನ್ನ ಸುಳ್ಳು ಮಾಡಲಿಲ್ಲ, ಒಪ್ತೀನಿ. ಆದ್ರೆ ಮಾಸ್ ಸಿನಿಮಾದಲ್ಲಿ ಬಗ್ಗಿದ ಬೆನ್ನು, ಅವಾರ್ಡ್ ಸಿನಿಮಾದಲ್ಲಿ ಹೆಣ. ಇವೆರಡರ ನಡುವೆ ನಾವು ಬದುಕೇ ಇಲ್ವಾ? ನಗಲ್ವಾ, ಪ್ರೀತಿ ಮಾಡಲ್ವಾ, ತಿರುಗಿ ಬೀಳಲ್ವಾ?

ನಮ್ಮೋರ ಕೈಗೆ ಕ್ಯಾಮೆರಾ ಬಂದ್ರೆ ಏನಾಗುತ್ತೆ ಅನ್ನೋದಕ್ಕೆ ನಾಗರಾಜ ಮಂಜುಳೆಯವರ ಮರಾಠಿ 'ಫಂಡ್ರಿ' (2013) ನೋಡಿ. ಹಂದಿ ಹೊತ್ತು ಸಾಗೋರ ಹಿಂದಿನ ಗೋಡೆ ಮೇಲೆ ಬಾಬಾಸಾಹೇಬರ ಚಿತ್ರ ಇದೆ. ಕೊನೆಗೆ ಆ ಹುಡುಗ ಬೀಸಿದ ಕಲ್ಲು ನೇರ ಕ್ಯಾಮೆರಾಗೆ, ಅಂದ್ರೆ ನೋಡ್ತಾ ಕೂತಿರೋರಿಗೆ ಬರುತ್ತೆ. ಮಾರಿ ಸೆಲ್ವರಾಜ್ ಅವರ 'ಪರಿಯೇರುಂ ಪೆರುಮಾಳ್' (2018) ಮುಗಿಯೋದು ಎರಡು ಟೀ ಲೋಟದ ಮೇಲೆ. ಹೋಟೆಲಲ್ಲಿ ಬೇರೆ ಲೋಟದಲ್ಲಿ ಕುಡಿದೋರಿಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಕನ್ನಡದಲ್ಲೂ 2023ರಲ್ಲಿ ಜೀವಾ ನವೀನ್ ಅವರ 'ಪಾಲಾರ್' ಬಂತು. ನಮ್ಮಲ್ಲಿ ಎಷ್ಟು ಜನ ದುಡ್ಡು ಕೊಟ್ಟು ನೋಡಿದ್ವಿ? ಇದನ್ನ ಬೇರೆಯವರಿಗಲ್ಲ, ನಮ್ಮ ಸಂಘಟನೆಗಳಿಗೇ ಕೇಳ್ತಿದ್ದೀನಿ.

ಹಾಸ್ಟೆಲ್ಲಲ್ಲಿರೋ ತಮ್ಮ ತಂಗಿಯರೇ, ಮುಂದಿನ ಸಿನಿಮಾ ನೋಡುವಾಗ ಮೂರೇ ಪ್ರಶ್ನೆ ಇಟ್ಟುಕೊಳ್ಳಿ. ಕ್ಯಾಮೆರಾ ಯಾರನ್ನ ಕತ್ತೆತ್ತಿ ನೋಡ್ತಿದೆ? ಯಾರ ಮನೆ ಒಳಗೆ ಹೋಗಲ್ಲ? ತೀರ್ಪು ಕೊಡೋ ಜಾಗದಲ್ಲಿ ಕೂತಿರೋನು ಯಾರು? ಇಷ್ಟು ಸಾಕು, ಶಿಳ್ಳೆ ತಾನಾಗೇ ನಿಲ್ಲುತ್ತೆ. ಎಲ್ಲರ ಜೇಬಲ್ಲೂ ಮೊಬೈಲ್ ಇದೆ. ಐದು ನಿಮಿಷದ್ದೇ ಆಗಲಿ, ನಿಮ್ಮ ಕೇರಿಯನ್ನ, ನಿಮ್ಮ ಅಜ್ಜಿಯನ್ನ ಅವರ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಹಿಡಿದು ತೋರಿಸಿ.

ಓದಿದೋರು ಹಂಚಿ. ಒಪ್ಪದೋರು ಬನ್ನಿ, ಚರ್ಚೆ ಮಾಡೋಣ.

ಜೈ ಭೀಮ್.