ಶೋರೂಮಿನವರು ಹೇಳಿದ್ದೆಲ್ಲಾ ಗಾಡಿಗೆ ಬೇಕೇನ್ರೀ?

ಹೋದ ವಾರ ಹಿಂದಿನ ಮನಿ ವೈನಿ ಒಂದು ಬಿಲ್ ಹಿಡಕೊಂಡು ಸೀದಾ ನಮ್ಮ ಅಡಗಿಮನಿಗೆ ಬಂದ್ರು. ನಾ ರೊಟ್ಟಿ ಬಡ್ಯಾಕತ್ತಿದ್ದೆ. "ನೋಡ್ರಿ ಅಕ್ಕಾರ, ಗಾಡಿ ಸರ್ವಿಸಿಗೆ ಬಿಟ್ರ 11,400 ರೂಪಾಯಿ ಆಗೇತಿ. ಗಾಡಿಗೆ ಏನೂ ಆಗಿದ್ದಿಲ್ಲರೀ, ಚಲೋನ ಓಡತಿತ್ತು" ಅಂದ್ರು. ಕೈ ತೊಳಕೊಂಡು ಬಿಲ್ ಓದಿದೆ. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಕೂಲಿ, ಎಲ್ಲಾ ಕೂಡಿ ಐದು ಸಾವಿರದ ಆಜೂಬಾಜು. ಉಳಿದದ್ದೆಲ್ಲಾ ಎಂಜಿನ್ ಫ್ಲಶ್, ಎಂಜಿನ್ ಡ್ರೆಸ್ಸಿಂಗ್, ಎ.ಸಿ. ಡಿಸ್‌ಇನ್ಫೆಕ್ಷನ್, ಟೆಫ್ಲಾನ್ ಕೋಟಿಂಗ್, ನೈಟ್ರೋಜನ್. ಅದರ ಮ್ಯಾಲ ಜಿ.ಎಸ್.ಟಿ.

"ಇವೆಲ್ಲಾ ಯಾಕ ಮಾಡಿಸಿದ್ರಿ?" ಅಂತ ಕೇಳಿದೆ. "ಕಂಪನಿಯವ್ರು ರೆಕಮೆಂಡ್ ಮಾಡ್ಯಾರಂತ" ಅಂದ್ರು.

ಈ "ಕಂಪನಿಯವ್ರು" ಅನ್ನೋ ಮಾತಿನ ಮ್ಯಾಲ ನಂದು ಜಗಳ ಐತಿ. ಇವತ್ತು ಅದನ್ನ ಮಾಡಾಕನ ಕುಂತೇನಿ.

ಗಾಡಿ ಮಾಡಿದಾವ್ರು ಬ್ಯಾರೆ, ಗಾಡಿ ಮಾರಿ ಸರ್ವಿಸ್ ಮಾಡಾವ್ರು ಬ್ಯಾರೆ. ಮಾಡಿದಾವ್ರು ತಮ್ಮ ಗಾಡಿಗೆ ಏನೇನು ಬೇಕು, ಎಷ್ಟು ಕಿಲೋಮೀಟರಿಗೆ ಬೇಕು, ಎಷ್ಟು ತಿಂಗಳಿಗೆ ಬೇಕು ಅಂತ ಒಂದು ಪುಸ್ತಕದಾಗ ಅಚ್ಚು ಹಾಕಿ ಕೊಟ್ಟಾರ. ಆ ಪುಸ್ತಕ ನಿಮ್ಮ ಗಾಡಿಯ ಡ್ಯಾಶ್‌ಬೋರ್ಡಿನ ಖಾನೆದಾಗ, ಹಳೇ ಟೋಲ್ ಚೀಟಿ, ಚಾಕಲೇಟ್ ಕಾಗದದ ಕೆಳಗ ಬಿದ್ದೈತಿ. ಕೌಂಟರಿನ ಹಿಂದ ಕುಂತ ಹುಡುಗ ಹೇಳೋದು ಆ ಪುಸ್ತಕದ ಮಾತಲ್ಲ, ಅವನ ಅಂಗಡಿಯ ಮಾತು. ಪುಸ್ತಕದಾಗ ಇದ್ದದ್ದನ್ನ ಬಿಡಬ್ಯಾಡ್ರಿ, ಇಲ್ಲದ್ದಕ್ಕ ರೊಕ್ಕ ಕೊಡಬ್ಯಾಡ್ರಿ. ನಾ ಹೇಳೋದು ಇಷ್ಟ.

ಇದು ನನಗ ಪುಕ್ಕಟೆ ಬಂದ ಬುದ್ಧಿ ಅಲ್ಲ. ಅರಬೈಲ್ ಘಾಟಿನಾಗ ಕಲ್ತದ್ದು.

2019ರಾಗ ನಾವು ಸಣ್ಣ ಪೆಟ್ರೋಲ್ ಗಾಡಿ ತೊಗೊಂಡ್ವಿ. ನಾಕು ವರ್ಷ ಶೋರೂಮ್ ಬಿಟ್ಟು ಬ್ಯಾರೆ ಕಡೆ ಗಾಡಿ ಒಯ್ಯಲಿಲ್ಲ. ನಮ್ಮ ಮನಿಯವ್ರದು ಒಂದಽ ಮಾತು: "ಅವರು ಹೇಳಿದಂಗ ಮಾಡಿಸಿಬಿಡೋಣು, ತಲಿನೋವು ಇರಂಗಿಲ್ಲ." ಹೇಳಿದಂಗನ ಮಾಡಿಸಿದ್ವಿ. 2023ರ ಡಿಸೆಂಬರದಾಗ ಅತ್ತಿಯವರನ್ನ, ಮಕ್ಕಳನ್ನ ಕರಕೊಂಡು ಗೋಕರ್ಣಕ್ಕ ಹೊಂಟ್ವಿ. ಯಲ್ಲಾಪುರ ದಾಟಿ ಘಾಟ್ ಇಳಿಯೂ ಮುಂದ ಎದುರಿಗೆ ಲಾರಿ ಸಾಲು. ಬ್ರೇಕಿನ ಮ್ಯಾಲಿನ ಕಾಲು ತಗೀಲಾರದಂಗ ಇಳಿಯೂದಾತು. ಅರ್ಧ ಇಳಿದಿರಬೇಕು, ನಮ್ಮ ಮನಿಯವ್ರ ಮಾರಿ ಬಿಳಿಚಿಕೊಂತು. "ಬ್ರೇಕ್ ಮೆತ್ತಗಾಗೇತಿ, ಕಾಲು ಒಳಗ ಹೊಂಟೇತಿ" ಅಂದ್ರು. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಸಾವಕಾಶ ಎಳಕೋತ ಹೆಂಗೋ ಗುಡ್ಡದ ಬಾಜೂಕ ಗಾಡಿ ನಿಲ್ಲಿಸಿದ್ರು. ಹಿಂದ ಅತ್ತಿಯವರು ಸವದತ್ತಿ ಎಲ್ಲವ್ವನ್ನ ನೆನಸ್ಕೋತ ಸಣ್ಣ ಮಗನ್ನ ಎದಿಗೆ ಅವಚಿಕೊಂಡು ಕುಂತಿದ್ರು. ನನ್ನ ಕೈಕಾಲು ನಡುಗೂದು ನಿಲ್ಲಾಕ ಅರ್ಧ ತಾಸು ಹಿಡೀತು.

ಗಾಡಿ ಆರಿದ ಮ್ಯಾಲ ಬ್ರೇಕ್ ತಿರಗಿ ಗಟ್ಟಿ ಆತು. ಸಣ್ಣ ಗೇರಿನಾಗ ಅಂಕೋಲಾ ಮುಟ್ಟಿದ್ವಿ. ಅಲ್ಲೊಬ್ಬ ಮೆಕ್ಯಾನಿಕ್ ಬಾನೆಟ್ ಎತ್ತಿ, ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತಗದು ತೋರಿಸಿದ. ಕಾಫಿ ಡಿಕಾಕ್ಷನ್ ಹಂಗ ಕಪ್ಪಗ ಇತ್ತು. "ಇದನ್ನ ಯಾವಾಗ ಬದಲಾಯಿಸಿದ್ದು?" ಅಂತ ಕೇಳಿದ. ನಮಗೇನು ಗೊತ್ತು? ಬಿಲ್ಲಿನ ಫೈಲ್ ಗಾಡಿಯಾಗ ಇತ್ತು. ಮಗಳು ಒಂದೊಂದಽ ತಗದು ಓದಿದ್ಲು. ನಾಕು ವರ್ಷದಾಗ ಎಂಜಿನ್ ಫ್ಲಶ್ ಮೂರು ಸಲ. ಎ.ಸಿ. ಸ್ಪ್ರೇ ನಾಕು ಸಲ. ಕೋಟಿಂಗ್ ಎರಡು ಸಲ. ಬ್ರೇಕ್ ಆಯಿಲ್ ಒಂದ್ ಸಲನೂ ಇಲ್ಲ.

ಅವತ್ತು ರಾತ್ರಿ ಗೋಕರ್ಣದ ಲಾಡ್ಜಿನಾಗ ಮೊದಲನೇ ಸಲ ಆ ಪುಸ್ತಕ ತಗದೆ. ಹಿಂದಿನ ಕಡೆ ಒಂದು ಪಟ್ಟಿ ಇತ್ತು, ಶಾಲಿ ವೇಳಾಪಟ್ಟಿ ಇದ್ದಂಗ. ಬ್ರೇಕ್ ಆಯಿಲ್ ಮುಂದ ಕಾಣೂವಂಗ ಅಚ್ಚಾಗಿತ್ತು: ಎರಡು ವರ್ಷಕ್ಕೊಮ್ಮೆ ಬದಲು ಮಾಡಬೇಕು. ಎಂಜಿನ್ ಫ್ಲಶ್ ಅನ್ನೋ ಸಾಲು ಹುಡುಕಿ ಹುಡುಕಿ ಸಾಕಾತು, ಎಲ್ಲೂ ಇರಲಿಲ್ಲ. ಬ್ಯಾಡಾದ್ದಕ್ಕ ರೊಕ್ಕ ಸುರುವಿದ್ವಿ, ಬೇಕಾದ್ದು ಬಿಟ್ಟಿದ್ವಿ. ಅಂಕೋಲಾದಾಗ ಆ ಕೆಲಸಕ್ಕ ಆದ ಖರ್ಚು 700 ರೂಪಾಯಿ!

ಬ್ರೇಕ್ ಆಯಿಲ್ ಅಂದ್ರ ಏನಂತ ತಿಳಕೊಂಡ್ರ ಇದರ ಗಂಭೀರ ಗೊತ್ತಾಕ್ಕೈತಿ. ಮಳಿಗಾಲದಾಗ ಉಪ್ಪಿನ ಭರಣಿ ಬಾಯಿ ತಗದಿಟ್ರ ಉಪ್ಪು ಗಾಳಿಯಾಗಿನ ನೀರು ಹೀರಿ ಪಸಿ ಆಕ್ಕೈತಿ ಹೌದಿಲ್ರೀ? ಈ ಎಣ್ಣಿದೂ ಅದಽ ಗುಣ. ಗಾಡಿ ಓಡಿಸಿದ್ರೂ, ಸುಮ್ಮನ ನಿಲ್ಲಿಸಿದ್ರೂ ಸಾವಕಾಶ ನೀರು ಹೀರತಿರತೈತಿ. ಅದಕ್ಕಽ ಇದಕ್ಕ ಕಿಲೋಮೀಟರಿನ ಜೋಡಿ ವರ್ಷದ ಲೆಕ್ಕಾನೂ ಇರೋದು. ಡಾಟ್ 3 ಅನ್ನೋ ದರ್ಜೆಯ ಹೊಸಾ ಎಣ್ಣಿ 205 ಡಿಗ್ರಿಗಿಂತ ಮೊದಲು ಕುದೀಬಾರದು ಅಂತ ಮಾನದಂಡ ಐತಿ. ಅದರಾಗ ನೂರಕ್ಕ ನಾಕು ಪಾಲಿಗಿಂತ ಒಂಚೂರು ಕಡಿಮಿ ನೀರು ಸೇರಿದ್ರ ಆ ಮಾನದಂಡ 140ಕ್ಕ ಇಳೀತೈತಿ. ಘಾಟಿನಾಗ ಬ್ರೇಕ್ ಒತ್ತಿ ಹಿಡದ್ರ ಚಕ್ರದ ಕಡಿಂದ ಬರೋ ಕಾವಿಗೆ ಎಣ್ಣಿ ಕುದ್ದು ಗುಳ್ಳಿ ಏಳತಾವ. ಎಣ್ಣಿ ಒತ್ತಿದ್ರ ಕುಗ್ಗಂಗಿಲ್ಲ, ಗುಳ್ಳಿ ಕುಗ್ಗತೈತಿ. ಕಾಲು ಒಳಗ ಹೋಗತೈತಿ, ಗಾಡಿ ನಿಲ್ಲಂಗಿಲ್ಲ.

ಈಗ ವೈನಿ ಬಿಲ್ಲಿಗೆ ಬರೋಣು. ಎಂಜಿನ್ ಫ್ಲಶ್ ಅಂದ್ರ ಹಳೇ ಎಣ್ಣಿ ತಗಿಯೂಕಿಂತ ಮೊದಲು ಒಂದು ದ್ರಾವಣ ಹಾಕಿ ಎಂಜಿನ್ ಒಳಗ ತೊಳಿಯೂದು. ಆದ್ರ ಎಂಜಿನ್ ಆಯಿಲಿನ ಕೆಲಸಾನ ಒಳಗಿನ ಹೊಲಸು ಹಿಡಕೊಂಡು ಬರೋದು. ಅದಕ್ಕಽ ಕರಿದ ಎಣ್ಣಿಯಂಗ ಕಪ್ಪಗಾಗತೈತಿ. ದಿನಾ ತಿಕ್ಕಿ ತೊಳದಿಟ್ಟ ಬೋಗುಣಿಗೆ ಮತ್ತ ಆಸಿಡ್ ಹಾಕಿ ತೊಳೀತೀರೇನು? ಟೈಮಿಗೆ ಸರಿಯಾಗಿ ಎಣ್ಣಿ ಬದಲು ಮಾಡಿದ್ರ ಅಷ್ಟು ಸಾಕು. ಎಂಜಿನ್ ಡ್ರೆಸ್ಸಿಂಗ್ ಅಂದ್ರ ಬಾನೆಟ್ ಒಳಗಿನ ಪ್ಲಾಸ್ಟಿಕ್, ರಬ್ಬರಿಗೆ ಪಾಲಿಶ್ ಹಚ್ಚೂದು. ಬಾನೆಟ್ ಎತ್ತಿ ಯಾರಿಗೆ ತೋರಸ್ತೀರಿ, ಬೀಗರಿಗೇನು?

ನೈಟ್ರೋಜನ್ ಅಂತೂ ಚಂದನ ಐತಿ. ನಾವು ಉಸರಾಡೂ ಗಾಳಿಯಾಗನ ನೂರಕ್ಕ 78 ಪಾಲು ನೈಟ್ರೋಜನ್. ವಿಮಾನಕ್ಕ, ರೇಸಿನ ಗಾಡಿಗೆ ಅದರಿಂದ ಉಪಯೋಗ ಐತಿ. ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿಬರೋ ನಮ್ಮ ಗಾಡಿಗೆ ತಿಂಗಳಿಗೊಮ್ಮೆ ಸಾದಾ ಗಾಳಿ ಸರಿಯಾಗಿ ಹಾಕಿಸಿದ್ರ ಮುಗೀತು. ಎಷ್ಟು ಗಾಳಿ ಬೇಕು ಅನ್ನೋದು ಹೆಚ್ಚಿನ ಗಾಡ್ಯಾಗ ಡ್ರೈವರ್ ಬಾಗಿಲು ತಗದ್ರ ಅಲ್ಲೇ ಚೌಕಟ್ಟಿಗೆ ಅಂಟಿಸಿದ ಚೀಟಿಯಾಗ ಬರದಿರತೈತಿ.

ಎ.ಸಿ.ಯಾಗ ವಾಸನಿ ಬಂದ್ರ ಮೊದಲು ಕ್ಯಾಬಿನ್ ಫಿಲ್ಟರ್ ನೋಡ್ರಿ. ಅದು ಹಿಟ್ಟಿನ ಸಾಣಿಗಿ ಇದ್ದಂಗ, ಧೂಳು ತುಂಬಿದ್ರ ಗಾಳಿ ಹಾಯಂಗಿಲ್ಲ. ಭಾಳಷ್ಟು ಗಾಡ್ಯಾಗ ಅದು ಡ್ಯಾಶ್‌ಬೋರ್ಡ್ ಖಾನೆಯ ಹಿಂದ ಇರತೈತಿ, ಮನ್ಯಾಗನ ತಗದು ಹಾಕಬಹುದು. ನಮ್ಮದನ್ನ ಈಗ ಮಗಳ ತಗದು ಹಾಕ್ತಾಳ. ಕೋಟಿಂಗ್ ವಿಷಯ ನಾ ಮಾತಾಡಂಗಿಲ್ಲ. ಚಂದ ಕಾಣಲಿ ಅಂತ ಮಾಡಿಸಿದ್ರ ಮಾಡಸ್ರಿ, ಸೀರಿಗೆ ಪಾಲಿಶ್ ಮಾಡಿಸಿದಂಗ. ಆದ್ರ ಅದು ಸರ್ವಿಸ್ ಅಲ್ಲ, ಶೃಂಗಾರ. ವೀಲ್ ಅಲೈನ್‌ಮೆಂಟನ್ನ ಮಾತ್ರ ಈ ಸಾಲಿಗೆ ಸೇರಿಸಬ್ಯಾಡ್ರಿ. ಸ್ಟೇರಿಂಗ್ ಒಂದ ಕಡೆ ಎಳದ್ರ, ಟಾಯರ್ ಒಂದ ಬದಿ ಸವದ್ರ ಅದು ಬೇಕಽ ಬೇಕು.

ಇಷ್ಟು ಹೇಳಿದ ಕೂಡ್ಲೆ ನಮ್ಮ ಕಾಕಾನಂಥಾವ್ರು ಎದ್ದು ನಿಲ್ತಾರ: "ನಾ ಮೊದಲಽ ಹೇಳಿದ್ದಿಲ್ಲೇನು? ಶೋರೂಮ್ ಅಂದ್ರ ಲೂಟಿ. ಏನೂ ಮಾಡಸಬಾರದು." ಕಾಕಾ, ನಿಮ್ಮ ಜೋಡೀನೂ ನಂದು ಜಗಳ ಐತಿ. ಎರಡು ವರ್ಷ ಎಂಜಿನ್ ಆಯಿಲ್ ಬದಲು ಮಾಡಸದ, ಕೂಲೆಂಟ್ ಬದಲಿ ನಳದ ನೀರು ಸುರುವಿ ಓಡಿಸೋದು ಉಳಿತಾಯ ಅಲ್ಲ, ಸಾಲ. ಮುಂದೊಂದು ದಿನ ಬಡ್ಡಿ ಸಮೇತ ತೀರಿಸಬೇಕಾಕ್ಕೈತಿ. ಕೆಲವು ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಅಂತ ರಬ್ಬರಿನ ಪಟ್ಟಿ ಇರತೈತಿ. ಪುಸ್ತಕ ಹೇಳಿದಾಗ ಬದಲಿಸದ ಅದು ಹರದ್ರ ಎಂಜಿನ್ನ ಕೆಡಬಹುದು. ಕಣ್ಣು ಮುಚ್ಚಿ ಹೂಂ ಅನ್ನೋದೂ ತಪ್ಪು, ಕಣ್ಣು ಮುಚ್ಚಿ ಒಲ್ಲೆ ಅನ್ನೋದೂ ತಪ್ಪು. ಎರಡರಾಗೂ ಪುಸ್ತಕ ಓದಿರಂಗಿಲ್ಲ.

"ನಮ್ಮ ಕಡೆ ಧೂಳು ಭಾಳರೀ, ಅದಕ್ಕ ಲಗೂನ ಮಾಡಸಬೇಕು" ಅಂತ ಕೌಂಟರಿನ ಹುಡುಗ ಹೇಳ್ತಾನ. ಮಾತು ಖರೇನ ಐತಿ, ಆದ್ರ ಅರ್ಧ. ಧೂಳಿನ ರಸ್ತೆ, ಬರೇ ಎರಡು ಮೂರು ಕಿಲೋಮೀಟರಿನ ಓಡಾಟ, ಭಾರ ಹೇರೂದು, ಇಂಥಾವಕ್ಕ ಪುಸ್ತಕದಾಗನ ಬ್ಯಾರೆ ಪಟ್ಟಿ ಇರತೈತಿ. ಅದರಾಗ ಏರ್ ಫಿಲ್ಟರ್, ಎಂಜಿನ್ ಆಯಿಲ್ ಲಗೂ ಬದಲಿಸ್ರಿ ಅಂತಿರತೈತಿ, ಡ್ರೆಸ್ಸಿಂಗ್ ಮಾಡಸ್ರಿ ಅಂತಲ್ಲ. ಹಳ್ಳಿಯಾಗಿನ ನಮ್ಮ ಅಕ್ಕಾರ ಗಾಡಿಗೆ ಆ ಪಟ್ಟಿ ಹತ್ತತೈತಿ, ಅವರು ಅದನ್ನ ನಡಸ್ಲಿ.

ಎಲ್ಲಾಕ್ಕಿಂತ ದೊಡ್ಡ ಗುಮ್ಮ ಅಂದ್ರ ವಾರಂಟಿ. "ಇದನ್ನ ಮಾಡಸದಿದ್ರ ವಾರಂಟಿ ಹೋಕ್ಕೈತಿ ಮೇಡಂ." ಪುಸ್ತಕದಾಗಿನ ಸರ್ವಿಸ್ ತಪ್ಪಿಸಿದ್ರ ವಾರಂಟಿಗೆ ತೊಂದರೆ ಆಗಬಹುದು, ಅದು ಖರೆ. ಫ್ಲಶ್ ಮಾಡಸಲಿಲ್ಲ, ಕೋಟಿಂಗ್ ಹಚ್ಚಿಸಲಿಲ್ಲ ಅಂತ ವಾರಂಟಿ ಯಾಕ ಹೋಕ್ಕೈತಿ? ಹಂಗಂದ್ರ "ಇದನ್ನ ಬರದು ಕೊಡ್ರಿ" ಅಂತ ಕೇಳ್ರಿ. ನನಗಂತೂ ಇಲ್ಲೀತನಕಾ ಯಾರೂ ಬರದು ಕೊಟ್ಟಿಲ್ಲ. ಇನ್ನೊಂದು ಮಾತು ನೆನಪಿಟ್ಟುಕೋರಿ. 2014ರ ಆಗಸ್ಟಿನಾಗ ಭಾರತದ ಸ್ಪರ್ಧಾ ಆಯೋಗ 14 ಕಾರ್ ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಅಸಲಿ ಬಿಡಿಭಾಗಗಳು ಹೊರಗಿನ ಪ್ಯಾಟ್ಯಾಗ, ಸಣ್ಣ ಗ್ಯಾರೇಜಿನವರಿಗೆ ಸಿಗದಂಗ ಮಾಡ್ಯಾರ ಅನ್ನೋದು ಆರೋಪ. ದೂರು ಕೊಟ್ಟವರು ಒಬ್ಬಽ ಒಬ್ಬ ವ್ಯಕ್ತಿ. ಹೊರಗ ರಿಪೇರಿ ಮಾಡಿಸಿದ ಮಾತ್ರಕ್ಕ ಪೂರಾ ವಾರಂಟಿ ರದ್ದು ಮಾಡಬಾರದು, ಹೊರಗಿನ ತಪ್ಪು ಕೆಲಸದಿಂದ ಏನು ಕೆಟ್ಟೈತೋ ಅಷ್ಟಕ್ಕ ಮಾತ್ರ ರದ್ದು ಮಾಡಬಹುದು ಅಂತ ಆ ಆದೇಶದಾಗ ಹೇಳ್ಯಾರ. ಕಂಪನಿಗಳು ಸುಮ್ಮನ ಕೂಡಲಿಲ್ಲ, ಮೇಲ್ಮನವಿ, ಕೋರ್ಟು ಅಂತ ಭಾಳ ವರ್ಷ ಎಳದಾವ. ಆದ್ರ ಪ್ರಶ್ನೆ ಕೇಳೋದು ಹುಚ್ಚುತನ ಅಲ್ಲ ಅಂತ ನನಗ ಆ ಆದೇಶ ನೋಡಿ ಧೈರ್ಯ ಬಂತು.

ಹಂಗಂತ ಆ ಕೌಂಟರಿನ ಹುಡುಗನ್ನ ಬೈಬ್ಯಾಡ್ರಿ. ನಮ್ಮ ಓಣಿಯ ಹುಡುಗನೊಬ್ಬ ಎರಡು ವರ್ಷ ಅದಽ ಕೆಲಸಾ ಮಾಡಿ ಬಿಟ್ಟ. ತಿಂಗಳಿಗೆ ಇಷ್ಟು ಫ್ಲಶ್, ಇಷ್ಟು ಕೋಟಿಂಗ್ ಹೋಗಬೇಕು ಅಂತ ಅವನ ತಲಿ ಮ್ಯಾಲ ಟಾರ್ಗೆಟ್ ಇತ್ತಂತ. "ಕಾಕೂ, ಬ್ರೇಕ್ ಆಯಿಲಿಗೆ ಟಾರ್ಗೆಟ್ ಇರಲಿಲ್ಲ" ಅಂದ. ಆ ಒಂದು ಮಾತಿನಾಗ ನಮ್ಮ ಘಾಟಿನ ಕಥಿ ಪೂರಾ ಐತಿ.

ಗಾಡಿ ಗಂಡಸರ ಖಾತೆ ಅನ್ನೋ ಮಾತನ್ನೂ ಇವತ್ತಿಗೆ ಮುಗಿಸಿಬಿಡೋಣು. ಜ್ವಾಳದ ರೇಟು, ಗ್ಯಾಸಿನ ತಾರೀಖು, ಮಕ್ಕಳ ಲಸಿಕಿ, ಚೀಟಿ ಕಂತು, ಎಲ್ಲಾ ನಮ್ಮ ತಲ್ಯಾಗ ಇರತಾವ. ಕಾಯಿಪಲ್ಯಾದಾಕಿ ಜೋಡಿ ಐದು ರೂಪಾಯಿಗೆ ಚೌಕಾಶಿ ಮಾಡ್ತೇವಿ. ಆರು ಸಾವಿರದ ಮುಂದ ಯಾಕ ಬಾಯಿ ಮುಚ್ಚತೇವಿ? ಇಂಗ್ಲಿಷ್ ಹೆಸರಿಗೆ ಅಂಜಿ. ಅಂಜಿದಷ್ಟೂ ಹೆಸರು ಉದ್ದ ಆಕ್ಕೊಂತ ಹೋಗತಾವ.

ಅದಕ್ಕ ನಾ ಈಗ ಹಿಂಗ ಮಾಡ್ತೇನಿ. ಸರ್ವಿಸಿಗೆ ಹೋಗೂ ಹಿಂದಿನ ರಾತ್ರಿ ಪುಸ್ತಕದ ಆ ಪಟ್ಟಿ ತಗದು, ಮೀಟರಿನ ಕಿಲೋಮೀಟರೂ ಗಾಡಿಯ ವರ್ಷಾನೂ ನೋಡಿ, ಯಾವುದು ಮೊದಲು ಮುಗದೈತೋ ಅದರ ಪ್ರಕಾರ ಒಂದು ಚೀಟಿಯಾಗ ಬರಕೋತೇನಿ. ಕೌಂಟರಿನಾಗ ಚೀಟಿ ಕೊಟ್ಟು, "ಇಷ್ಟ ಮಾಡ್ರಿ. ಬ್ಯಾರೆ ಏನರ ಬೇಕಂದ್ರ ಪುಸ್ತಕದಾಗ ಎಲ್ಲೈತಿ ತೋರಸ್ರಿ, ಇಲ್ಲಾ ಗಾಡಿಯಾಗ ಏನು ಕೆಟ್ಟೈತಿ ತೋರಸ್ರಿ" ಅಂತೇನಿ. ಕೆಲಸಾ ಸುರು ಮಾಡೂ ಮೊದಲು ಖರ್ಚಿನ ಅಂದಾಜು ಬರಸ್ಕೋತೇನಿ. ಫೋನಿನಾಗ ಕೇಳಿದ್ರ ಹೂಂ ಅನ್ನಂಗಿಲ್ಲ. ಬದಲಿಸಿದ ಹಳೇ ಸಾಮಾನು ಕಣ್ಣಿಗೆ ತೋರಸ್ರಿ ಅಂತೇನಿ. ಬಿಲ್ ಫೈಲಿಗೆ ಹಾಕ್ತೇನಿ. ಕೇಳದ ಏನರ ಮಾಡಿ ರೊಕ್ಕ ಹಾಕಿದ್ರ ಗ್ರಾಹಕರ ಸಹಾಯವಾಣಿ 1915 ಐತಿ. ಜಿಲ್ಲಾ ಗ್ರಾಹಕರ ಆಯೋಗದಾಗ ಐದು ಲಕ್ಷದ ತನಕದ ವ್ಯವಹಾರದ ದೂರಿಗೆ ಫೀನೂ ಇಲ್ಲ.

ಹೋದ ಸಲ ನಮ್ಮ ಬಿಲ್ 4,900 ಆತು, ಬ್ರೇಕ್ ಆಯಿಲ್ ಸಮೇತ.

ವೈನಿ ಇದನ್ನೆಲ್ಲಾ ಕೇಳಿ, ಮನಿಗೆ ಹೋಗಿ ಪುಸ್ತಕ ತಗದು, ಸಂಜಿಮುಂದ ಮತ್ತ ಬಂದ್ರು. "ಅಕ್ಕಾರ, ನಮ್ಮದು ಮೂರು ವರ್ಷದ ಗಾಡಿ. ಬ್ರೇಕ್ ಆಯಿಲ್ ಎರಡಕ್ಕಽ ಅಂತ ಐತಿ. ಬಿಲ್ಲಿನಾಗ ಎಲ್ಲೂ ಇಲ್ಲರೀ." 11,400 ಕೊಟ್ಟ ಮ್ಯಾಲೂ ಅದು ಆಗಿರಲಿಲ್ಲ ನೋಡ್ರಿ. ಅವರ ಮಗ ವಾರಾ ವಾರಾ ಶಿರಸಿಗೆ ಗಾಡಿ ಒಯ್ತಾನ.

ಮರುದಿನಾನ ಮಾಡಿಸಿಕೊಂಡು ಬಂದ್ರು. ನೀವೂ ಇವತ್ತು ಊಟಾದ ಮ್ಯಾಲ ಗಾಡಿ ಬಾಗಿಲ ತಗದು ಆ ಪುಸ್ತಕ ಹುಡುಕ್ರಿ. ಸಿಗಲಿಲ್ಲಂದ್ರ ನನಗ ಹೇಳ್ರಿ, ಕೂಡೇ ಹುಡುಕೋಣು.